ಮರ ಬಂತು

ಜೂನ್ ೨, ಸೋಮವಾರ

ಸೊಸೆ ಬಂದಳು. ಜೊತೆಗೆ ಎರಡು ಪೆಟ್ಟಿಗೆ, ಅವಳದೇ ದಿಂಬು, ಒಂದು ಲ್ಯಾಪ್‌ಟಾಪು, ತಲೆಗೆ ಸಿಕ್ಕಿಸಿಕೊಂಡು ಮಾತಾಡುವ ಒಂದು ಹೆಡ್‌ಫೋನು. ಅವರ ಮನೆ ಇರುವುದು ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಗ ಸಮುದ್ರದ ಮಧ್ಯೆ ಎಣ್ಣೆ ತೆಗೆಯುವ ಕಡೆ ಕೆಲಸದಲ್ಲಿದ್ದಾನೆ, ಹೆರಿಗೆಯ ಹೊತ್ತಿಗೆ ಬರುತ್ತಾನಂತೆ. ಅವಳಿಗೆ ತಾಯಿ ಇಲ್ಲ. ಹಾಗಾಗಿ ನನ್ನ ಪಾಲಿಗೆ ಬಂದಳು.

ಮಗುವಿನ ಮಾಸು ಗರ್ಭದ ಬಾಯಿಗೆ ಅಡ್ಡವಾಗಿ ಕೆಳಗೆ ಕೂತಿದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಏಳಬಾರದು, ಬಗ್ಗಬಾರದು, ಏನನ್ನೂ ಎತ್ತಬಾರದು. ರಕ್ತ ಕಂಡರೆ ಅರೆಗಳಿಗೆ ಕಾಯದೆ ಆಸ್ಪತ್ರೆಗೆ ಬರಬೇಕು. ಹೋದ ವರ್ಷ ಒಂದು ಕೈತಪ್ಪಿದೆ. ಇದೂ ಹೋದರೆ ಅವಳು ತಾಳಿಕೊಳ್ಳುವುದಿಲ್ಲಮ್ಮಾ ಎಂದು ಮಗ ಹೇಳಿದ. ಅದನ್ನು ಕೇಳಿಸಿಕೊಳ್ಳಲು ನಾನು ರಸ್ತೆಯ ತಿರುವಿನವರೆಗೆ ನಡೆದು ಹೋಗಿದ್ದೆ. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

ನಾನು ನೀರಿನ ಪಂಪು ನಡೆಸುವ ಪಂಪ್‌ಹೌಸಿನ ಕಡೆಗೆ ಕಿಟಕಿ ಇರುವ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟೆ. ನನ್ನ ಮಂಚ ಅಡುಗೆಮನೆಯ ಪಕ್ಕಕ್ಕೆ ಬಂತು. ಇನ್ನು ನಿದ್ದೆ ಬಂದ ಹಾಗೇ.

ಜೂನ್ ೫, ಗುರುವಾರ

ಮಾತಾಡಲು ಏನೂ ಇಲ್ಲ. ನಾನು "ಊಟ ಸಾಕಾ?" ಅನ್ನುತ್ತೇನೆ, ಅವಳು "ಸಾಕು ಅತ್ತೆ" ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಇವರು ಹೋದ ಮೇಲೆ ನೀರಿನ ಸ್ಟೇಷನ್ನಿನ ಈ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದು ಅಭ್ಯಾಸವಾಗಿ, ಇನ್ನೊಬ್ಬರ ಮೌನ ನನಗೆ ಸಹಿಸಲು ಆಗುತ್ತಿಲ್ಲ. ನನ್ನದಾದರೆ ಪರವಾಗಿಲ್ಲ.

ಇವತ್ತು ಅವಳಾಗಿಯೇ ಕೇಳಿದಳು. "ಇಲ್ಲಿ ನೆಟ್ ಬರಲ್ವಾ ಅತ್ತೆ?"

"ಇಲ್ಲಿ ನೀರು ಬಿಟ್ಟರೆ ಬೇರೇನೂ ಬರಲ್ಲ" ಅಂದೆ.

ತಮಾಷೆಗೆ ಅಂದದ್ದು. ಅವಳು ಗೋಡೆಯ ಕಡೆ ಹೊರಳಿದಳು. ಹೊದಿಕೆ ಅಲುಗುತ್ತಿತ್ತು. ನಾನು ಪಂಪು ಹಾಕುವ ಹೊತ್ತಾಯಿತೆಂದು ಬಂದುಬಿಟ್ಟೆ. ಪಂಪಿನ ದಂಡ ಹೊರಬರುವ ಕಡೆಯ ಗ್ಲ್ಯಾಂಡಿನಿಂದ ನೀರು ಹನಿಯುತ್ತಿದೆಯೇ ಎಂದು ನೋಡಿದೆ. ಹನಿಯುತ್ತಲೇ ಇರಬೇಕು, ಹನಿ ನಿಂತರೆ ಪಂಪು ಒಳಗೊಳಗೇ ಬಿಸಿಯಾಗುತ್ತಿದೆ ಎಂದು ಅರ್ಥ. ಯಂತ್ರದ ಕಷ್ಟ ನನಗೆ ತಕ್ಷಣ ಗೊತ್ತಾಗುತ್ತದೆ.

ಸಂಜೆ ತಿರುವಿಗೆ ಹೋಗಿ ಮಗನಿಗೆ ಫೋನ್ ಮಾಡಿದೆ. ಏನಾದರೂ ಮಾಡು, ಹುಡುಗಿ ಸೂರು ನೋಡಿಕೊಂಡು ಮಲಗಿದೆ ಅಂದೆ.

ಜೂನ್ ೧೧, ಬುಧವಾರ

ಮಗ ಅಲ್ಲಿಂದಲೇ ಏರ್ಪಾಟು ಮಾಡಿದ್ದಾನೆ. ಇವತ್ತು ನೆಟ್‌ಗೆ ಡಿಶ್ ಹಾಕುವವನು ಬಂದ. ಮನೆಯ ಸೂರಿನ ಮೇಲೆ ಊಟದ ತಟ್ಟೆಯಂಥ ಒಂದು ಬಿಳಿ ಹಲಗೆ ಕೂರಿಸಿ, ತಂತಿಯನ್ನು ಕಿಟಕಿಯಿಂದ ಒಳಗೆ ಎಳೆದ. ಹೊರಡುವ ಮುಂಚೆ ಪಂಪ್‌ಹೌಸಿನ ಪಕ್ಕದ ಗಾಳಿಮರವನ್ನು ಮೇಲಿಂದ ಕೆಳಗೆ ನೋಡಿ ನಾಲಗೆ ಲೊಚಗುಟ್ಟಿದ.

"ಈ ಮರ ಅಡ್ಡ ಬರುತ್ತಮ್ಮಾ."

"ಆಕಾಶ ಇಷ್ಟು ದೊಡ್ಡದಿದೆ, ಒಂದು ಮರ ಏನಪ್ಪಾ ಅಡ್ಡ?"

"ಮೇಲೆ ಒಂದೇ ಉಪಗ್ರಹ ಅಲ್ಲ, ಒಂದರ ಹಿಂದೆ ಒಂದು ಓಡ್ತಾ ಇರ್ತವೆ. ಹತ್ತಿರದಲ್ಲೇ ಓಡೋದ್ರಿಂದ ಬೇಗ ಸಿಗ್ತವೆ, ಆಟಕ್ಕೂ ಆಗುತ್ತೆ. ಆದ್ರೆ ಮರದ ಹಿಂದೆ ಹೋದಾಗೆಲ್ಲ ಸ್ವಲ್ಪ ಹೊತ್ತು ನೆಟ್ ಕಡಿದು ಹೋಗುತ್ತೆ. ಕಡಿಸಿಬಿಡಿ."

ಕಡಿಯುವುದಿಲ್ಲ ಅಂದೆ. ಪಂಪು ನಿಲ್ಲಿಸಿದ ಮೇಲೆ ಇಲ್ಲಿ ಸದ್ದು ಮಾಡುವುದು ಆ ಮರವೊಂದೇ. ಅದನ್ನು ಅವನಿಗೆ ಹೇಳಲಿಲ್ಲ, ಸರ್ಕಾರದ ಮರ ಅಂದೆ.

ಆಟಕ್ಕೂ ಆಗುತ್ತೆ ಎಂದು ಅವನು ಯಾಕೆ ಹೇಳಿದನೋ, ಇನ್ನೂ ಹೊಳೆದಿಲ್ಲ.

ಜೂನ್ ೧೨, ಗುರುವಾರ

ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೆ. ಕೋಣೆಯಿಂದ ಸೊಸೆಯ ದನಿ: "ಅಯ್ಯೋ, ಸತ್ತೆ! ಸತ್ತೆ! ಯಾರಾದ್ರೂ ಬನ್ನಿ!"

ಕೈಯಲ್ಲಿದ್ದ ಸೌಟಿನ ಸಮೇತ ಓಡಿದೆ. ನೋಡಿದರೆ ಮಹಾರಾಯಿತಿ ದಿಂಬಿಗೆ ಒರಗಿ, ಹೆಡ್‌ಫೋನು ಹಾಕಿಕೊಂಡು, ಲ್ಯಾಪ್‌ಟಾಪಿನಲ್ಲಿ ಆಟ ಆಡುತ್ತಿದ್ದಾಳೆ. ಸತ್ತದ್ದು ಅದರೊಳಗಿನ ಕೆಂಪು ಅಂಗಿಯ ಗೊಂಬೆ.

"ಇನ್ನೊಂದು ಸಲ ಆ ಮಾತು ಈ ಮನೇಲಿ ಆಡಿದ್ರೆ ಆ ತಟ್ಟೆ ಕಿತ್ತು ಕೆರೆಗೆ ಎಸೀತೀನಿ" ಅಂದೆ. ಸೌಟಿನಿಂದ ಸೋಪಿನ ನೊರೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅವಳ ಮುಖ ಸಪ್ಪಗಾಯಿತು. ಆಮೇಲೆ ಸೌಟನ್ನು ನೋಡಿದಳು. ನಕ್ಕುಬಿಟ್ಟಳು. ಬಂದ ಮೇಲೆ ನಕ್ಕದ್ದು ಇದೇ ಮೊದಲು. ಬೈಯಲು ಇನ್ನೂ ಇತ್ತು, ಮರೆತುಹೋಯಿತು.

ಜೂನ್ ೨೦, ಶುಕ್ರವಾರ

ಈ ಆಟದಲ್ಲಿ ಒಂದೊಂದು ಕಡೆ ಐದು ಜನ. ಎದುರಿನವರ ಕೋಟೆಯಿಂದ ಬಾವುಟ ಕದ್ದು ತಮ್ಮ ಕೋಟೆಗೆ ತರಬೇಕು. ವಯಸ್ಸಿಗೆ ಬಂದವರು ಇದನ್ನು ಕೂತು ಆಡುತ್ತಾರೆ. ಸೊಸೆಯ ಕಡೆ ಈಗ ನಾಲ್ಕೇ ಜನ. ಐದನೆಯವನು ಮದುವೆಯಾಗಿ ಆಟ ಬಿಟ್ಟನಂತೆ. ಜಾಣ.

ಉಳಿದ ಮೂವರನ್ನು ಇವಳು ಕಣ್ಣಾರೆ ಕಂಡೇ ಇಲ್ಲ. ಒಬ್ಬರು ಮೇಷ್ಟ್ರು, ಶಾಲೆಯಲ್ಲಿ ಗಣಿತ ಹೇಳುವವರು, ಈ ಗುಂಪಿನ ನಾಯಕ. ಒಬ್ಬ ಲಾರಿ ಓಡಿಸುವವನು, ಲೋಡು ಇಳಿಸುವವರೆಗೆ ಗಾಡಿಯಲ್ಲೇ ಕೂತು ಆಡುತ್ತಾನೆ. ಅವನನ್ನು ಕರೆಯುವುದೂ ಲಾರಿ ಎಂದೇ. ಇನ್ನೊಬ್ಬಳು ಎಲ್ಲೋ ದೂರದ ಆಸ್ಪತ್ರೆಯ ನರ್ಸು, ಎಲ್ಲರಿಗೂ ನರ್ಸಕ್ಕ.

ಡಿಶ್‌ನವನು ಹೇಳಿದ್ದು ನಿಜ. ಆಗಾಗ ಕಡಿದುಹೋಗುತ್ತದೆ. ಇವಳ ಗೊಂಬೆ ಇದ್ದ ಭಂಗಿಯಲ್ಲೇ ಕಂಬದಂತೆ ನಿಲ್ಲುತ್ತದೆ, ಎದುರಿನವರು ಬಂದು ಹೊಡೆದು ಹಾಕುತ್ತಾರೆ. ಇವತ್ತು ಹೆಡ್‌ಫೋನು ತೆಗೆದು ನನ್ನ ಕಡೆ ನೋಡಿದಳು.

"ಅತ್ತೆ, ಆ ಮರದ ಒಂದು ಕೊಂಬೆಯಾದ್ರೂ..."

"ಆಗಲ್ಲ."

"ಸರಿ ಅತ್ತೆ."

ವಾದ ಮಾಡಿದ್ದರೆ ಚೆನ್ನಾಗಿತ್ತು. ಸರಿ ಅಂದವರ ಜೊತೆ ಜಗಳವಾಡಿ ಗೆಲ್ಲುವುದು ಹೇಗೆ?

ಜುಲೈ ೧, ಮಂಗಳವಾರ

ಒಂದು ಸಂಗತಿ ನೋಡಿದೆ, ಬರೆದಿಡುತ್ತೇನೆ.

ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ, ಅದಕ್ಕೆ ಹೆಡ್‌ಫೋನು ತೆಗೆದು ಮಾತು ಹೊರಗೇ ಕೇಳುವಂತೆ ಇಟ್ಟಿದ್ದಳು. ಆಟ ನಡೆದಿತ್ತು. ಇದ್ದಕ್ಕಿದ್ದ ಹಾಗೆ ಪರದೆ ನಿಂತಿತು, ದನಿಯೂ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಜೀವ ಬಂದಾಗ ನೋಡಿದರೆ, ಉಳಿದ ಮೂರು ಗೊಂಬೆಗಳೂ ಇವಳ ಗೊಂಬೆಗೆ ಬೆನ್ನು ಕೊಟ್ಟು ಸುತ್ತ ನಿಂತಿವೆ. ಯಾರನ್ನೂ ಹತ್ತಿರ ಬಿಡುತ್ತಿಲ್ಲ.

"ಮರ ಹೋಯ್ತು, ನಡೀರಿ ನಡೀರಿ" ಎಂದು ಮೇಷ್ಟ್ರು ಕ್ಲಾಸಿನಲ್ಲಿ ಹೇಳುವಂತೆ ಹೇಳಿದರು. ಎಲ್ಲರೂ ಓಡಿದರು.

"ಇದೇನು?" ಅಂದೆ.

"ನಾನು ನಿಂತ್ರೆ ಯಾರಾದ್ರೂ 'ಮರ ಬಂತು' ಅಂತಾರೆ ಅತ್ತೆ. ಎಲ್ಲಿದ್ರೂ ಓಡಿ ಬಂದು ಸುತ್ತ ನಿಲ್ತಾರೆ. ಬಾವುಟ ಕೈಯಲ್ಲಿದ್ರೂ ಬಿಟ್ಟು ಬರ್ತಾರೆ."

"ಸೋಲಲ್ವಾ?"

"ಸೋಲ್ತೀವಿ."

ಅವಳು ಅದನ್ನು ಗೆದ್ದವರ ಹಾಗೆ ಹೇಳಿದಳು. ಹೋದ ವರ್ಷ ಆ ಮಗು ಹೋದಾಗ, ನಾನು ಇಲ್ಲಿ ಪಂಪು ಬಿಡಲಾಗುವುದಿಲ್ಲವೆಂದು ಎರಡು ದಿನ ಮಾತ್ರ ಹೋಗಿ ಬಂದಿದ್ದೆ. ದಿನಾ ಮಧ್ಯಾಹ್ನ ಅವಳ ಜೊತೆ ಇದ್ದವರು ಈ ಮೂವರಂತೆ. ಮುಖ ಕಾಣದ ಆ ಜನಕ್ಕೆ ಒಳ್ಳೆಯದಾಗಲಿ.

ಜುಲೈ ೯, ಬುಧವಾರ

ನಾನು ಐದನೆಯವಳು. ನಗುವವರು ನಗಲಿ.

ಹೇಗಾಯಿತೆಂದರೆ, ಮೇಷ್ಟ್ರಿಗೆ ನನ್ನ ದನಿ ಕೇಳಿಸಿದೆ. "ಅಮ್ಮಾ, ನಮ್ಮ ಕೋಟೆ ಬಾಗಿಲು ಕಾಯೋರಿಲ್ಲ. ಸುಮ್ನೆ ನಿಂತು ನೋಡ್ತಿರ್ಬೇಕು, ಯಾರಾದ್ರೂ ಬಂದ್ರೆ ಗಂಟೆ ಹೊಡೀಬೇಕು. ಅಷ್ಟೇ."

ಸುಮ್ಮನೆ ಕೂತು ನೋಡುತ್ತಿರುವುದು, ಏನಾದರೂ ಏರುಪೇರಾದರೆ ಗಂಟೆ ಹೊಡೆಯುವುದು. ನೌಕರಿಗೆ ಸೇರಿದಾಗಿನಿಂದ ನಾನು ಮಾಡಿರುವುದು ಅದನ್ನೇ. ಮಗನ ಹಳೆಯ ಫೋನಿಗೆ ಸೊಸೆ ಆಟ ಹಾಕಿಕೊಟ್ಟಳು. ಡಿಶ್ಶಿನ ನೆಟ್ ಪಂಪ್‌ಹೌಸಿನ ಮೇಜಿನವರೆಗೂ ಬರುತ್ತದೆ. ಟ್ಯಾಂಕು ತುಂಬಿ ಪಂಪು ನಿಲ್ಲಿಸಿದ ಮೇಲೆ ಮಾತ್ರ ಎಂದು ಷರತ್ತು ಹಾಕಿದ್ದೇನೆ.

ನನ್ನ ಗೊಂಬೆಗೆ ಹಳದಿ ಅಂಗಿ, ದೊಡ್ಡ ಮೀಸೆ. ಮೀಸೆ ಬೇಡವೆಂದೆ, ತೆಗೆಯಲು ಬರುವುದಿಲ್ಲವಂತೆ. ಎಲ್ಲರೂ ನನ್ನನ್ನು ಪಂಪಮ್ಮ ಅನ್ನುತ್ತಾರೆ.

ಮೊದಲ ದಿನ ಗಂಟೆ ಹೊಡೆದೇ ಹೊಡೆದೆ. ಬಂದದ್ದು ನಮ್ಮವನೇ, ಲಾರಿ. "ಪಂಪಮ್ಮಾ, ನಾನು ಮನೆಯವನೇ ಕಣಮ್ಮಾ!" ಎಂದು ಅವನು ಕೂಗಿಕೊಂಡ. ಪಕ್ಕದ ಕೋಣೆಯಿಂದಲ್ಲ, ಅಂಗಳದಾಚೆಯಿಂದ ಸೊಸೆಯ ನಗು ನನಗೆ ಕೇಳಿಸಿತು.

ಜುಲೈ ೨೪, ಗುರುವಾರ

ನನ್ನದೂ ಅವಳದೂ ಒಂದೇ ಡಿಶ್ಶಾದ್ದರಿಂದ ಮರ ಬಂದರೆ ಇಬ್ಬರೂ ಒಟ್ಟಿಗೇ ನಿಲ್ಲುತ್ತೇವೆ. ನಮಗೆ ಜೋಡಿ ಕಂಬ ಎಂದು ಹೆಸರಿಟ್ಟಿದ್ದಾರೆ. ನಾವಿಬ್ಬರೂ ದೂರ ದೂರ ನಿಂತರೆ ಅವರು ಎರಡು ಕಡೆ ಓಡಬೇಕು, ಪಾಪ. ಅದಕ್ಕೆ ಹುಡುಗಿ ಈಗ ನನ್ನ ಬಾಗಿಲ ಹತ್ತಿರವೇ ಇರುತ್ತಾಳೆ. ನಾನೇನೂ ಹೇಳಲಿಲ್ಲ, ಅವಳೇ ಬಂದಳು.

ಊಟ ಈಗ ಕೇಳಿ ಹಾಕಿಸಿಕೊಳ್ಳುತ್ತಿದ್ದಾಳೆ. ಮಗು ಒದೆಯುವುದನ್ನು ಇವತ್ತು ನನ್ನ ಕೈಯನ್ನು ಎಳೆದು ಇಟ್ಟು ತೋರಿಸಿದಳು. ಪಂಪು ನೀರು ಹಿಡಿಯುವ ಮುಂಚೆ ಪೈಪಿನಲ್ಲಿ ಬರುವ ಗುದ್ದಿನ ಹಾಗಿತ್ತು. ಹಾಗೆಂದೆ. "ನನ್ನ ಮಗು ಪೈಪಾ ಅತ್ತೆ?" ಎಂದು ಜಗಳಕ್ಕೆ ಬಂದಳು. ಕಡೆಗೂ ಜಗಳವಾಡಿದಳಲ್ಲ, ಸಂತೋಷವಾಯಿತು.

ಜುಲೈ ೩೦, ಬುಧವಾರ

ಇವತ್ತು ಆಟವಿಲ್ಲ. ಮೇಷ್ಟ್ರ ಶಾಲೆಯಲ್ಲಿ ಪರೀಕ್ಷೆ, ಲಾರಿ ದಾರಿಯಲ್ಲಿ. ಹುಡುಗಿ ಮಲಗಿದೆ. ಮನೆ ಬಿಕೋ ಅನ್ನುತ್ತಿದೆ. ಇಂಥ ಮನೆಯಲ್ಲಿ ಜನ ಹೇಗಿರುತ್ತಾರೋ.

ಆಗಸ್ಟ್ ೪, ಸೋಮವಾರ

ಹೆಣ್ಣು ಮಗು. ಗಾಜಿನ ಪೆಟ್ಟಿಗೆಯಲ್ಲಿದೆ, ಉಸಿರಾಡುತ್ತಿದೆ. ತಾಯಿಗೆ ರಕ್ತ ಕೊಡುತ್ತಿದ್ದಾರೆ. ಬೇರೇನೂ ಬರೆಯಲು ಕೈ ಓಡುತ್ತಿಲ್ಲ.

ಆಗಸ್ಟ್ ೬, ಬುಧವಾರ

ತಾಯಿ ಕಣ್ಣು ಬಿಟ್ಟು ನನ್ನ ಹತ್ತಿರ ಮಾತಾಡಿದ್ದಾಳೆ, ಗಂಜಿ ಕುಡಿದಿದ್ದಾಳೆ. ಈಗ ಬರೆಯಬಹುದು. ಆಸ್ಪತ್ರೆಯ ಜಗುಲಿಯ ಬೆಂಚಿನ ಮೇಲೆ ಕೂತಿದ್ದೇನೆ.

ಸೋಮವಾರ ಮಧ್ಯಾಹ್ನ ಪಂಪು ನಿಲ್ಲಿಸಿ, ಮೇಜಿನ ಮುಂದೆ ಕೂತು ಆಡುತ್ತಿದ್ದೆ. ಅವಳ ಕೆಂಪು ಅಂಗಿ ನನ್ನ ಬಾಗಿಲ ಹತ್ತಿರ ಇತ್ತು. ನಿಂತುಬಿಟ್ಟಿತು.

"ಮರ ಬಂತು" ಅಂದ ಲಾರಿ. ಮೂವರೂ ಓಡಿ ಬಂದು ಸುತ್ತ ನಿಂತರು. ನಾನೂ ಎಂದಿನಂತೆ, ಹೋಗುತ್ತದೆ ಬಿಡು ಎಂದುಕೊಂಡೆ. ಅಷ್ಟರಲ್ಲಿ ಎದುರಿನವನೊಬ್ಬ ಬಾಗಿಲಿಗೆ ಬಂದ, ನಾನು ಗಂಟೆ ಹೊಡೆದೆ. ಗಂಟೆ ಮೊಳಗಿತು.

ಮೊಳಗಿತಲ್ಲ, ಹೇಗೆ ಮೊಳಗಿತು?

ಮರ ಬಂದಿದ್ದರೆ ನಾನೂ ನಿಲ್ಲಬೇಕಿತ್ತು. ನನ್ನ ಹಳದಿ ಅಂಗಿ ಅತ್ತಿತ್ತ ಓಡಾಡುತ್ತಿದೆ, ಲಾರಿಯ ಮಾತು ಕೇಳಿಸುತ್ತಿದೆ. ನೆಟ್ ಇದೆ. ನಿಂತಿರುವುದು ಅವಳೊಬ್ಬಳೇ.

"ಇದು ಮರ ಅಲ್ಲ!" ಎಂದು ಕಿರುಚಿದೆ. "ನಾನು ನಿಂತಿಲ್ಲ, ಅವಳು ಮಾತ್ರ ನಿಂತಿದಾಳೆ! ಇದು ಮರ ಅಲ್ಲ!"

ಫೋನು ಹಿಡಿದುಕೊಂಡೇ ಓಡಿದೆ. ಪಂಪ್‌ಹೌಸಿಗೆ ಬೀಗ ಹಾಕಲಿಲ್ಲ, ನನ್ನ ನೌಕರಿಯಲ್ಲೇ ಮೊದಲ ಸಲ.

ಅವಳು ದಿಂಬಿನಿಂದ ಪಕ್ಕಕ್ಕೆ ವಾಲಿದ್ದಳು. ಲ್ಯಾಪ್‌ಟಾಪು ಕಾಲ ಹತ್ತಿರ. ಹಾಸಿಗೆ ಪೂರ್ತಿ ರಕ್ತ. ನೋವೇ ಇಲ್ಲದೆ ಹರಿಯುತ್ತದಂತೆ, ತಲೆ ಸುತ್ತುವವರೆಗೆ ಅವಳಿಗೂ ಗೊತ್ತಾಗಿಲ್ಲ. ಕರೆದರೆ ಓಗೊಡಲಿಲ್ಲ. ತಿರುವಿನವರೆಗೆ ಓಡಿ ಆಂಬುಲೆನ್ಸಿಗೆ ಫೋನ್ ಮಾಡಲೇ, ಇವಳನ್ನು ಬಿಟ್ಟು ಹೇಗೆ ಹೋಗಲಿ, ಏನೂ ತೋಚಲಿಲ್ಲ.

ಆಗ ಕೈಯಲ್ಲಿದ್ದ ಫೋನಿನಿಂದ ನರ್ಸಕ್ಕನ ದನಿ ಬಂತು. ಆಟದಲ್ಲಿ ಎಷ್ಟು ಕಿರುಚುತ್ತಾಳೋ ಅಷ್ಟೇ ಮೆತ್ತಗಿತ್ತು.

"ಪಂಪಮ್ಮಾ, ನಾನಿದೀನಿ. ಏನ್ ಕಾಣ್ತಿದೆ ಹೇಳಿ."

"ರಕ್ತ ಕಣಮ್ಮಾ. ತುಂಬಾ."

"ಉಸಿರಾಡ್ತಿದಾಳಾ? ಎದೆ ನೋಡಿ."

"ಆಡ್ತಿದಾಳೆ."

"ಒಳ್ಳೇದು. ದಿಂಬು ತೆಗೀರಿ, ತಲೆ ತಗ್ಗಲಿ. ಎಡಗಡೆಗೆ ಹೊರಳಿಸಿ. ತೆಗೆದ ದಿಂಬನ್ನ ಕಾಲ ಕೆಳಗಿಡಿ. ಮೇಲೆ ಏನಾದ್ರೂ ಹೊದಿಸಿ. ಕುಡಿಯೋಕೆ ಏನೂ ಕೊಡ್ಬೇಡಿ. ಲಾರಿ, ಆಂಬುಲೆನ್ಸು..."

"ಮಾಡಾಯ್ತಕ್ಕಾ, ಮಾತಾಡ್ತಿದೀನಿ" ಅಂದ ಲಾರಿ. ಆಟದ ಮಧ್ಯೆ ಹುಡುಗಿ ಎಂದೋ ಹೇಳಿದ್ದ ನಮ್ಮ ನೀರಿನ ಸ್ಟೇಷನ್ನಿನ ದಾರಿಯನ್ನು ಅವನು ಇನ್ನೊಂದು ಫೋನಿನಲ್ಲಿ ಹೇಳುತ್ತಿದ್ದ. ಮೇಷ್ಟ್ರು ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರಮ್ಮನನ್ನೇ ಹಿಡಿದಿದ್ದರು. ಡಾಕ್ಟರಮ್ಮನ ಹೆಸರನ್ನು ನಾವು ಯಾವಾಗ ಹೇಳಿದ್ದೆವೋ, ಮೇಷ್ಟ್ರು ನೆನಪಿಟ್ಟುಕೊಂಡಿದ್ದರು.

ಕಾಲ ಕೆಳಗೆ ದಿಂಬು ಇಡುತ್ತಿದ್ದೆ, ನಿಜವಾಗಿಯೂ ಮರ ಬಂತು. ಎಲ್ಲರ ದನಿಯೂ ಒಟ್ಟಿಗೇ ನಿಂತುಹೋಯಿತು. ಆ ಮನೆಯಲ್ಲಿ ಅಂಥ ಮೌನವನ್ನು ನಾನು ಕೇಳಿದ್ದಿಲ್ಲ. ಕಿಟಕಿಯಾಚೆ ಗಾಳಿಮರ ಸುಯ್ಯೆನ್ನುತ್ತಿತ್ತು. ಅವಳ ಕೈ ಹಿಡಿದುಕೊಂಡು, ಇವಳನ್ನು ಕೊಡು, ನನಗೆ ಬೇರೇನೂ ಬೇಡ ಎಂದು ಯಾರಿಗೆ ಹೇಳಿದೆನೋ, ಜೋರಾಗಿಯೇ ಹೇಳಿದೆ.

"...ಮರ ಹೋಯ್ತಾ?" ಎಂದಿತು ಫೋನು. "ಸರಿ. ಬಟ್ಟೆ ಎಷ್ಟು ನೆನೀತಿದೆ ನೋಡಿ ಹೇಳ್ತಿರಿ. ನಾವು ಎಲ್ಲೂ ಹೋಗಲ್ಲ."

ಆಂಬುಲೆನ್ಸು ಬರುವವರೆಗೆ ಮೂವರೂ ಹೋಗಲಿಲ್ಲ. ಆಮೇಲೆ ಎಷ್ಟು ಸಲ ಮರ ಬಂತೋ, ಅಷ್ಟು ಸಲವೂ ಅದು ಹೋದ ಕೂಡಲೇ ಅವರು ಅಲ್ಲೇ ಇದ್ದರು.

ಆಸ್ಪತ್ರೆಯ ಬಾಗಿಲಲ್ಲಿ ತಡೆದು, "ನೀವು ಇವರಿಗೆ ಏನಾಗ್ಬೇಕು?" ಅಂದರು. ತಾಯಿ ಅಂದೆ. ಒಳಗೆ ಬಿಟ್ಟರು.

ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ದಕ್ಕುತ್ತಿರಲಿಲ್ಲ ಎಂದು ಡಾಕ್ಟರಮ್ಮ ಆಪರೇಷನ್ ಮುಗಿಸಿ ಬಂದು ಹೇಳಿದರು. ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಇವರು ಹೋದಾಗಲೂ ಹಾಗೆ ಜನರ ಮುಂದೆ ಅತ್ತಿರಲಿಲ್ಲ. ನಾಚಿಕೆಯೇನೂ ಆಗಲಿಲ್ಲ.

ಆಗಸ್ಟ್ ೨೧, ಗುರುವಾರ

ಮೂವರೂ ಮನೆಗೆ ಬಂದೆವು. ಮಗನೂ ಬಂದಿದ್ದಾನೆ. ಮಗುವನ್ನು ಎತ್ತಿಕೊಳ್ಳಲು ಹೆದರಿ ದಿನವಿಡೀ ಬಟ್ಟೆ ಒಗೆಯುತ್ತಾನೆ. ಒಗೆಯಲಿ.

ಬೆಳಗ್ಗೆ ಮಗನಿಗೆ, ಆ ಮರ ಕಡಿಸಿಬಿಡು ಅಂದೆ. ಮಾತು ನಿಂತುಹೋದ ಆ ಹೊತ್ತು ಇನ್ನೊಮ್ಮೆ ಬರುವುದು ಬೇಡ. ಇವಳು ಒಳಗಿನಿಂದಲೇ ಕೂಗಿದಳು.

"ಮರ ಮುಟ್ಟಿದ್ರೆ ನೋಡಿ! ಮರ ಇದ್ದದ್ದಕ್ಕೇ ತಾನೆ ಅದು ಮರ ಅಲ್ಲ ಅಂತ ನಿಮಗೆ ಗೊತ್ತಾಗಿದ್ದು?"

ಯೋಚಿಸಿದರೆ ಹೌದು. ಈ ಹುಡುಗಿ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದರೂ ತಲೆ ನೆಟ್ಟಗಿದೆ.

ಡಿಶ್‌ನವನನ್ನು ಮತ್ತೆ ಕರೆಸಿದೆವು. ಅವನು ಮರ ನೋಡಿದ, ನೀರಿನ ಟ್ಯಾಂಕು ನೋಡಿದ. "ಟ್ಯಾಂಕಿನ ತಲೆ ಮೇಲೆ ಕೂರಿಸಿದ್ರೆ ಮರದ ಕಾಟವೇ ಇಲ್ಲ. ಮೊದಲೇ ಹೇಳಬಾರದಿತ್ತಾ?"

"ನೀನು ಮೊದಲೇ ನೋಡಬಾರದಿತ್ತಾ?" ಅಂದೆ. ನೀರಿನ ಇಲಾಖೆಯ ಸಾಹೇಬರ ಒಪ್ಪಿಗೆ ಕೇಳಿ ತಂದೆ. ಈಗ ತಟ್ಟೆ ಟ್ಯಾಂಕಿನ ಮೇಲೆ ಕೂತಿದೆ, ಗಾಳಿಮರ ತನ್ನಷ್ಟಕ್ಕೆ ತಾನು ಮಾತಾಡಿಕೊಂಡಿದೆ. ಡಿಶ್‌ನವನಿಗೆ ಊಟ ಹಾಕಿ ಕಳಿಸಿದೆ. ಅವನು ತಟ್ಟೆ ತರದೇ ಇದ್ದಿದ್ದರೆ ಎಂದು ಯೋಚಿಸಲೂ ಇಷ್ಟವಿಲ್ಲ.

ಸೆಪ್ಟೆಂಬರ್ ೭, ಭಾನುವಾರ

ಹೆರಿಗೆಯಾದ ಮೇಲೆ ಇವತ್ತು ಮೊದಲ ಆಟ. ಹುಡುಗಿ ಮಂಚದ ಮೇಲೆ, ನಾನು ಅವಳ ಕಾಲ ಬಳಿ, ಮಧ್ಯೆ ಮಗು. ಮಗ ಬಾಗಿಲಲ್ಲಿ ನಿಂತು ತನ್ನ ತಾಯಿಯ ಮೀಸೆ ನೋಡಿ ನಗುತ್ತಿದ್ದ.

ಅವರಿಗೆಲ್ಲ ಸರಿಯಾಗಿ ಕೃತಜ್ಞತೆ ಹೇಳಬೇಕೆಂದು ಬೆಳಗಿನಿಂದ ಮಾತು ಜೋಡಿಸಿಕೊಂಡಿದ್ದೆ. "ನೋಡ್ರಪ್ಪಾ, ನೀವು ಮೂರೂ ಜನ..." ಎಂದು ಶುರುಮಾಡಿದೆ.

"ಪಂಪಮ್ಮಾ, ಬಾಗಿಲು!" ಎಂದು ಮೇಷ್ಟ್ರು ಗದರಿದರು. ಎದುರಿನವನು ಬರುತ್ತಿದ್ದ. ಗಂಟೆ ಹೊಡೆದೆ. ಭಾಷಣ ಅಲ್ಲಿಗೆ ನಿಂತಿತು.

ತಟ್ಟೆ ಟ್ಯಾಂಕಿನ ಮೇಲೆ ಹೋದ ಮೇಲೆ ನೆಟ್ ಒಮ್ಮೆಯೂ ಕಡಿದಿಲ್ಲ. ಹುಡುಗಿ ಹಕ್ಕಿಯಂತೆ ಓಡಾಡಿದಳು. ನೋಡುನೋಡುತ್ತಿದ್ದಂತೆ ಲಾರಿಯ ಕೈಗೆ ಬಾವುಟ ಸಿಕ್ಕಿತು. ಇನ್ನೇನು ನಮ್ಮ ಕೋಟೆಗೆ ಬರಬೇಕು, ನಾವು ಗೆಲ್ಲಬೇಕು, ಮಗು ಅಳತೊಡಗಿತು. ಅಳುವೆಂದರೆ ಅಂಥಿಂಥ ಅಳುವಲ್ಲ. ಅವಳು ಲ್ಯಾಪ್‌ಟಾಪು ಬದಿಗೆ ಸರಿಸಿ ಮಗುವನ್ನು ಎದೆಗೆ ತೆಗೆದುಕೊಂಡಳು. ನಾನು ಫೋನು ಹಾಸಿಗೆಯ ಮೇಲಿಟ್ಟು ಅವಳ ಬೆನ್ನಿಗೆ ದಿಂಬು ಕೊಡಲು ಎದ್ದೆ. ನಮ್ಮ ಎರಡು ಗೊಂಬೆಗಳೂ ಬಾಗಿಲಲ್ಲಿ ನಿಂತುಬಿಟ್ಟವು.

"ಮರ ಬಂತು" ಅಂದೆ ನಾನೇ, ದೂರದಿಂದ.

ದಿಂಬು ಸರಿಮಾಡಿ, ಹೊದಿಕೆ ಎಳೆದು, ಮಗುವಿನ ಕಾಲು ಒಳಗೆ ಸೇರಿಸಿ ತಿರುಗಿ ನೋಡಿದೆ. ಬಾವುಟ ಬಯಲಿನಲ್ಲಿ ಬಿದ್ದಿತ್ತು. ಮೂವರೂ ಬಂದು ಕೆಂಪಂಗಿ ಹಳದಿಯಂಗಿಗಳಿಗೆ ಬೆನ್ನು ಕೊಟ್ಟು ಸುತ್ತ ನಿಂತಿದ್ದರು. ಯಾರೂ ಅವಸರ ಮಾಡಲಿಲ್ಲ. ಮಗು ಹೊಟ್ಟೆ ತುಂಬಿಸಿಕೊಳ್ಳುವವರೆಗೂ ಹಾಗೇ ನಿಂತಿದ್ದರು.

ಆಟ ಸೋತೆವು.